ವಿದ್ಯೆಯ ಋಣ ಯಾರ ಮೇಲೆ?

ಕಳೆದ ಶ್ರಾವಣದಲ್ಲಿ ಶಿವಾನುಭವ ಗೋಷ್ಠಿಯೊಂದು ಮುಗಿದು, ಪ್ರಸಾದ ಸ್ವೀಕರಿಸಿ ನಾವು ಹೊರಡುವ ಹೊತ್ತಿಗೆ ಧಾರವಾಡ ಸೀಮೆಯ ರೈತ ದಂಪತಿಗಳು ನಮ್ಮ ಬಳಿಗೆ ಬಂದು ಕುಳಿತರು. ಅವರ ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿ ಮುಗಿಸಿದ್ದಾನೆ. ಮುಂದಿನ ಓದಿಗಾಗಿ ಅವನ ಕೈಯಲ್ಲಿ ಎರಡು ಪ್ರವೇಶ ಪತ್ರಗಳಿವೆ. ಒಂದು ಅಮೆರಿಕದ್ದು, ಇನ್ನೊಂದು ಜರ್ಮನಿಯದು. ಅಮೆರಿಕಕ್ಕೆ ಕಳುಹಿಸುವುದಾದರೆ ಹಿರಿಯರಿಂದ ಬಂದ ಎರೆಹೊಲವನ್ನು ಒತ್ತೆ ಇಡಬೇಕು. “ಎರಡರಾಗ ಯಾವ ದೇಶದ ವಿದ್ಯಾ ಛಲೋರೀ?” ಎಂದು ತಂದೆ ಕೇಳಿದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಲಾ ಒತ್ತಿ ಇಟ್ಟು ಕಲಿಸಿದ ಮ್ಯಾಲೆ ಆ ಸಾಲ ಯಾರ ಮ್ಯಾಲೆ ಇರತೈತ್ರಿ, ನಮ್ಮ ಮ್ಯಾಲೋ, ಅವನ ಮ್ಯಾಲೋ?” ಎಂದರು.

ತಂದೆಯ ಪ್ರಶ್ನೆ ಇಂದು ನಾಡಿನ ಅನೇಕ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ. ಆದರೆ ತಾಯಿಯ ಪ್ರಶ್ನೆ ಅದಕ್ಕಿಂತ ಆಳವಾದದ್ದು. ವಿದ್ಯೆಯ ವೆಚ್ಚವನ್ನು ಯಾರು ಹೊರಬೇಕು? ಕಲಿಯುವವನೇ, ಅವನ ಮನೆಯವರೇ, ಅಥವಾ ಸಮಾಜವೇ? ಈ ಒಂದು ಪ್ರಶ್ನೆಗೆ ಅಮೆರಿಕ ಮತ್ತು ಜರ್ಮನಿ ಎಂಬ ಎರಡು ಮುಂದುವರಿದ ರಾಷ್ಟ್ರಗಳು ಎರಡು ಬೇರೆ ಬೇರೆ ಉತ್ತರಗಳನ್ನು ಕೊಟ್ಟುಕೊಂಡಿವೆ. ಆ ಉತ್ತರಗಳನ್ನು ತಿಳಿದುಕೊಂಡರೆ ಆ ದೇಶಗಳ ವಿಶ್ವವಿದ್ಯಾಲಯಗಳು ಅರ್ಥವಾಗುವುದಲ್ಲದೆ ನಮ್ಮ ಮನೆಯ ನಿರ್ಧಾರವೂ ಸ್ಪಷ್ಟವಾಗುವುದೆಂಬ ನಂಬಿಕೆಯಿಂದ ಈ ಸಲದ ಅಂಕಣವನ್ನು ಆ ವಿಷಯಕ್ಕೇ ಮೀಸಲಿಟ್ಟಿದ್ದೇವೆ.

ಇದು ಕೆಲವೇ ಕುಟುಂಬಗಳ ಮಾತಲ್ಲ. 2023-24ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,000ವನ್ನು ದಾಟಿತ್ತು. ಆ ವರ್ಷ ಅಲ್ಲಿಗೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳುಹಿಸಿದ ದೇಶ ನಮ್ಮದೇ. ಜರ್ಮನಿಯಲ್ಲಿಯೂ ಆ ಹೊತ್ತಿಗೆ ವಿದೇಶೀ ವಿದ್ಯಾರ್ಥಿಗಳ ಪೈಕಿ ಭಾರತೀಯರೇ ಮೊದಲ ಸ್ಥಾನಕ್ಕೆ ಬಂದಿದ್ದರು. ಅವರ ಸಂಖ್ಯೆ 49,000ದ ಆಸುಪಾಸಿನಲ್ಲಿತ್ತು.

ಒಂದೇ ಬೇರು

ಮೊದಲು ಒಂದು ಸಂಗತಿಯನ್ನು ನೆನೆಯಬೇಕು. ಈ ಎರಡು ವ್ಯವಸ್ಥೆಗಳು ಪರಸ್ಪರ ಅಪರಿಚಿತವಲ್ಲ. 1810ರಲ್ಲಿ ವಿಲ್‌ಹೆಲ್ಮ್ ಫಾನ್ ಹಂಬೋಲ್ಟ್ ಎಂಬ ಮಹನೀಯನ ಚಿಂತನೆಯ ಫಲವಾಗಿ ಬರ್ಲಿನ್ ವಿಶ್ವವಿದ್ಯಾಲಯ ಆರಂಭವಾಯಿತು. ಗುರುವಾದವನು ಹಳೆಯ ಗ್ರಂಥವನ್ನು ಒಪ್ಪಿಸುವವನಷ್ಟೇ ಆಗಿರದೆ ತಾನೂ ಸತ್ಯವನ್ನು ಹುಡುಕುವವನಾಗಿರಬೇಕು, ಶಿಷ್ಯನು ಆ ಹುಡುಕಾಟದಲ್ಲಿ ಜೊತೆಗಾರನಾಗಬೇಕು ಎಂಬುದು ಆ ವಿದ್ಯಾಸಂಸ್ಥೆಯ ಮೂಲತತ್ತ್ವ. ಬೋಧನೆ ಮತ್ತು ಸಂಶೋಧನೆ ಒಂದೇ ಸೂರಿನಡಿ ಇರಬೇಕೆಂಬ ಈ ವಿಚಾರ ಹತ್ತೊಂಬತ್ತನೆಯ ಶತಮಾನದಲ್ಲಿ ಸಾವಿರಾರು ಅಮೆರಿಕನ್ ತರುಣರನ್ನು ಜರ್ಮನಿಗೆ ಸೆಳೆಯಿತು. ಅವರು ಹಿಂದಿರುಗಿ ತಮ್ಮ ನಾಡಿನಲ್ಲಿ ಅದನ್ನೇ ಬಿತ್ತಿದರು. 1876ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಜರ್ಮನ್ ಮಾದರಿಯ ಅಮೆರಿಕನ್ ಸಸಿ. ಇಂದು ನಮ್ಮ ಮಕ್ಕಳು ಅಮೆರಿಕದಲ್ಲಿ ಪಿಎಚ್‌.ಡಿ. ಪಡೆಯುತ್ತಾರಾದರೆ ಆ ಪದವಿಯ ಬೇರು ಜರ್ಮನಿಯ ಮಣ್ಣಿನಲ್ಲಿದೆ.

ಆ ಜರ್ಮನ್ ವಿದ್ವತ್ತಿನ ಪ್ರಯೋಜನ ಕನ್ನಡಕ್ಕೂ ಉಂಟಾಗಿದೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ ಅವರು ಜರ್ಮನಿಯವರು. ಆ ಮಹಾಕಾರ್ಯಕ್ಕಾಗಿ 1477ರಷ್ಟು ಹಿಂದೆ ಸ್ಥಾಪಿತವಾದ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1896ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯಿತ್ತು ಗೌರವಿಸಿತು.

ಬೇರು ಒಂದೇ ಆದರೂ ಕಾಲಕ್ರಮದಲ್ಲಿ ಕೊಂಬೆಗಳು ಎರಡು ದಿಕ್ಕಿಗೆ ಬೆಳೆದವು.

ಅಮೆರಿಕ: ಅನೇಕ ಬಾಗಿಲುಗಳು, ದೊಡ್ಡ ಲೆಕ್ಕ

ಅಮೆರಿಕದ ಉಚ್ಚಶಿಕ್ಷಣವೆಂದೊಡನೆ ನಮಗೆ 1636ರಲ್ಲಿ ಸ್ಥಾಪಿತವಾದ ಹಾರ್ವರ್ಡ್ ನೆನಪಾಗುತ್ತದೆ. ಆದರೆ ಸಾಮಾನ್ಯ ಜನರ ಮಕ್ಕಳಿಗೆ ಅಲ್ಲಿ ವಿದ್ಯೆಯ ಬಾಗಿಲು ತೆರೆದದ್ದು ಬೇರೊಂದು ಕಾನೂನಿನಿಂದ. 1862ರಲ್ಲಿ, ದೇಶ ಅಂತರ್ಯುದ್ಧದ ಬೆಂಕಿಯಲ್ಲಿ ಬೇಯುತ್ತಿದ್ದಾಗಲೇ, ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರು ಮಾರಿಲ್ ಶಾಸನಕ್ಕೆ ಸಹಿ ಮಾಡಿದರು. ಪ್ರತಿಯೊಂದು ರಾಜ್ಯಕ್ಕೂ, ಅದು ಕಾಂಗ್ರೆಸ್ಸಿಗೆ ಕಳುಹಿಸುವ ಒಬ್ಬೊಬ್ಬ ಪ್ರತಿನಿಧಿಯ ಲೆಕ್ಕದಲ್ಲಿ 30,000 ಎಕರೆ ಸರ್ಕಾರಿ ಭೂಮಿಯನ್ನು ಕೊಡುವುದು. ಅದನ್ನು ಮಾರಿ ಬಂದ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆಯನ್ನು ಕಲಿಸುವ ಕಾಲೇಜುಗಳನ್ನು ನಡೆಸುವುದು. ಇದು ಆ ಶಾಸನದ ತಿರುಳು. ಆ ಭೂಮಿಯಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳಿಂದ ಕಸಿದುಕೊಂಡದ್ದೆಂಬ ಕಹಿ ಸತ್ಯವನ್ನೂ ಮರೆಯಲಾಗದು. ಆದರೂ ಒಕ್ಕಲಿಗನ ಮಗ ಕಾಲೇಜಿನ ಮೆಟ್ಟಿಲೇರಲು ಅದರಿಂದ ದಾರಿಯಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಮ್ಮ ಕೃಷಿ ವಿಶ್ವವಿದ್ಯಾಲಯವನ್ನು ರೂಪಿಸಿದ್ದು ಇದೇ ಮಾದರಿಯ ಮೇಲೆ.

ಎರಡನೆಯ ದೊಡ್ಡ ಹೆಜ್ಜೆ 1944ರದು. ಯುದ್ಧದಿಂದ ಮರಳುವ ಯೋಧರ ಓದಿನ ವೆಚ್ಚವನ್ನು ಸರ್ಕಾರವೇ ಭರಿಸುವ ಕಾನೂನು ಆ ವರ್ಷ ಜಾರಿಗೆ ಬಂದು, ಸುಮಾರು 22 ಲಕ್ಷ ಮಾಜಿ ಯೋಧರು ಕಾಲೇಜು ಸೇರಿದರು. ಇವಲ್ಲದೆ ಅಲ್ಲಿ ಸಮುದಾಯ ಕಾಲೇಜುಗಳೆಂಬ ಎರಡು ವರ್ಷದ ವಿದ್ಯಾಸಂಸ್ಥೆಗಳಿವೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದ ಕಾಲೇಜು ಇವುಗಳಲ್ಲಿ ಹಿರಿಯದು. ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಓದಿ, ಅನಂತರ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಿಕೊಳ್ಳುವ ಅವಕಾಶ ಇಲ್ಲಿಯವರಿಗುಂಟು. ಮೂವತ್ತು, ನಲವತ್ತು ವಯಸ್ಸಿನ ಗೃಹಸ್ಥರೂ ಹಗಲು ದುಡಿದು ಸಂಜೆ ಕಲಿಯುತ್ತಾರೆ.

ಪದವಿಯ ನಾಲ್ಕು ವರ್ಷಗಳ ರಚನೆಯೂ ಗಮನಾರ್ಹವಾದದ್ದು. ಮೊದಲೆರಡು ವರ್ಷ ವಿದ್ಯಾರ್ಥಿಯು ವಿಜ್ಞಾನ, ಇತಿಹಾಸ, ಸಾಹಿತ್ಯ, ಗಣಿತಗಳನ್ನು ಕಲೆಸಿ ಓದಬಹುದು. ತನ್ನ ಮುಖ್ಯ ವಿಷಯವನ್ನು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಆರಿಸಿಕೊಂಡರೆ ಸಾಕು. ಇಂಜಿನಿಯರಾಗಲೆಂದು ಬಂದವನು ಅರ್ಥಶಾಸ್ತ್ರಜ್ಞನಾಗಿ ಹೊರಬಿದ್ದರೆ ಅದನ್ನು ಅಲ್ಲಿ ಸೋಲೆಂದು ಎಣಿಸುವುದಿಲ್ಲ. ತಪ್ಪಿದವನಿಗೆ ಮತ್ತೊಂದು ಬಾಗಿಲು ಇದ್ದೇ ಇದೆ ಎಂಬುದು ಈ ವ್ಯವಸ್ಥೆಯ ದೊಡ್ಡ ಗುಣ.

ಆದರೆ ಬಾಗಿಲ ಬಳಿಯಲ್ಲಿಯೇ ಲೆಕ್ಕದ ಪುಸ್ತಕವೂ ಇದೆ. 2024-25ರಲ್ಲಿ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳ ಸರಾಸರಿ ಘೋಷಿತ ಶುಲ್ಕ, ಅದೇ ರಾಜ್ಯದ ನಿವಾಸಿಗಳಿಗೆ ವರ್ಷಕ್ಕೆ ಸುಮಾರು 11,600 ಡಾಲರು. ಹೊರಗಿನವರಿಗೆ ಸುಮಾರು 30,800 ಡಾಲರು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅದು 43,000 ಡಾಲರನ್ನು ದಾಟುತ್ತದೆ. ಊಟ ವಸತಿಯ ವೆಚ್ಚ ಇದರಲ್ಲಿ ಸೇರಿಲ್ಲ. ಬಡವರ ಮಕ್ಕಳಿಗೆ ಸರ್ಕಾರದ ಪೆಲ್ ಅನುದಾನವೆಂಬ ಸಹಾಯವಿದೆ. ಸಿರಿವಂತ ವಿಶ್ವವಿದ್ಯಾಲಯಗಳು ತಮ್ಮ ನಿಧಿಯಿಂದ ರಿಯಾಯಿತಿಯನ್ನೂ ಕೊಡುತ್ತವೆ. ಆದರೂ ಉಳಿದ ಹೊರೆಯನ್ನು ಹೊರಲು ಕೋಟ್ಯಂತರ ವಿದ್ಯಾರ್ಥಿಗಳು ಸಾಲ ಮಾಡಿದ್ದಾರೆ. ಅಲ್ಲಿನ ಕೇಂದ್ರ ಸರ್ಕಾರಕ್ಕೆ ಬರಬೇಕಾದ ವಿದ್ಯಾರ್ಥಿ ಸಾಲದ ಮೊತ್ತ 1.6 ಲಕ್ಷ ಕೋಟಿ ಡಾಲರಿನಷ್ಟಿದ್ದು, ಸಾಲಗಾರರ ಸಂಖ್ಯೆ ನಾಲ್ಕು ಕೋಟಿಗೂ ಹೆಚ್ಚು. ವ್ಯಾಪಾರದಲ್ಲಿ ಸೋತವನು ದಿವಾಳಿ ಅರ್ಜಿ ಹಾಕಿ ಇತರ ಸಾಲಗಳಿಂದ ಬಿಡುಗಡೆ ಪಡೆಯಬಹುದು. ವಿದ್ಯೆಗಾಗಿ ಮಾಡಿದ ಸಾಲದಿಂದ ಅಷ್ಟು ಸುಲಭವಾಗಿ ಬಿಡುಗಡೆಯಿಲ್ಲ. 2022ರಲ್ಲಿ ಅಧ್ಯಕ್ಷ ಬೈಡನ್ ಅವರ ಸರ್ಕಾರ ಈ ಸಾಲದ ಒಂದು ಭಾಗವನ್ನು ಮನ್ನಾ ಮಾಡಲು ಹೊರಟಿತು. ಆದರೆ 2023ರ ಜೂನ್ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹೀಗೆ, ವಿದ್ಯೆಯು ಪಡೆದವನ ಸ್ವಂತ ಲಾಭವಾದ್ದರಿಂದ ಅದರ ಋಣವೂ ಮುಖ್ಯವಾಗಿ ಅವನದೇ ಎಂಬುದು ಅಮೆರಿಕ ಕೊಟ್ಟುಕೊಂಡ ಉತ್ತರ.

ಜರ್ಮನಿ: ಶುಲ್ಕವಿಲ್ಲದ ಮನೆ, ಇಕ್ಕಟ್ಟಾದ ಹೊಸ್ತಿಲು

ಇನ್ನು ಜರ್ಮನಿಯ ಕಡೆಗೆ ನೋಡೋಣ. ಅಲ್ಲಿ ವಿಶ್ವವಿದ್ಯಾಲಯಗಳು ಬಹುತೇಕ ರಾಜ್ಯ ಸರ್ಕಾರಗಳವು. ಅವುಗಳ ವೆಚ್ಚ ಜನರು ಕೊಟ್ಟ ತೆರಿಗೆಯಿಂದ ನಡೆಯುತ್ತದೆ. 2005ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ ಶುಲ್ಕ ವಿಧಿಸುವ ಸ್ವಾತಂತ್ರ್ಯ ರಾಜ್ಯಗಳಿಗೆ ದೊರೆತಾಗ, ಹಲವು ರಾಜ್ಯಗಳು ಒಂದು ಸೆಮಿಸ್ಟರಿಗೆ 500 ಯೂರೋದಷ್ಟು ಶುಲ್ಕವನ್ನು ಹಾಕಿ ನೋಡಿದವು. ಜನರು ಅದನ್ನು ಒಪ್ಪಲಿಲ್ಲ. ವಿದ್ಯಾರ್ಥಿಗಳು ಬೀದಿಗಿಳಿದರು, ಚುನಾವಣೆಗಳಲ್ಲಿ ಅದೊಂದು ವಿಷಯವಾಯಿತು. ಒಂದೊಂದೇ ರಾಜ್ಯ ಹಿಂದೆ ಸರಿದು 2014ರ ಹೊತ್ತಿಗೆ ಎಲ್ಲ ರಾಜ್ಯಗಳೂ ಈ ಶುಲ್ಕವನ್ನು ಕೈಬಿಟ್ಟವು. ಈಗ ವಿದ್ಯಾರ್ಥಿ ಕೊಡಬೇಕಾದುದು ಸೆಮಿಸ್ಟರಿಗೆ ಸುಮಾರು 100ರಿಂದ 400 ಯೂರೋಗಳ ವಂತಿಗೆ ಮಾತ್ರ. ಅನೇಕ ಊರುಗಳಲ್ಲಿ ಬಸ್ಸು ರೈಲಿನ ಪಾಸು ಕೂಡ ಅದರಲ್ಲಿಯೇ ಸೇರಿರುತ್ತದೆ.

ಊಟ ವಸತಿಗೆ ಅನುಕೂಲವಿಲ್ಲದ ಮನೆಯ ಮಕ್ಕಳಿಗಾಗಿ 1971ರಿಂದ ಬಾಫೊಗ್ ಎಂಬ ಸಹಾಯಧನದ ಕಾನೂನು ಜಾರಿಯಲ್ಲಿದೆ. ಸಾಮಾನ್ಯವಾಗಿ ಈ ಹಣದಲ್ಲಿ ಅರ್ಧ ದಾನ. ಇನ್ನರ್ಧ ಬಡ್ಡಿಯಿಲ್ಲದ ಸಾಲ. ಎಷ್ಟೇ ಪಡೆದಿದ್ದರೂ ಹಿಂದಿರುಗಿಸಬೇಕಾದ ಮೊತ್ತ 10,010 ಯೂರೋಗಳನ್ನು ಮೀರದು. ವಿದ್ಯಾವಂತನಾದವನು ನಾಳೆ ತೆರಿಗೆ ಕಟ್ಟಿ ಇನ್ನೊಬ್ಬರ ಮಕ್ಕಳನ್ನು ಓದಿಸುತ್ತಾನೆ. ಆದ್ದರಿಂದ ಋಣ ಸಮಾಜದ್ದು, ತೀರಿಸುವವನೂ ಸಮಾಜದೊಳಗಿನವನೇ ಎಂಬುದು ಜರ್ಮನಿಯ ಉತ್ತರ.

ಇಷ್ಟು ಕೇಳಿದವರು, ಹಾಗಾದರೆ ಜರ್ಮನಿಯೇ ಧರ್ಮಭೂಮಿ ಎಂದು ತೀರ್ಮಾನಿಸಿಬಿಡಬಹುದು. ಸ್ವಲ್ಪ ತಾಳಬೇಕು. ಆ ಶುಲ್ಕವಿಲ್ಲದ ಮನೆಗೆ ಹೋಗುವ ಹೊಸ್ತಿಲು ಬಹಳ ಮೊದಲೇ, ಬಾಲ್ಯದಲ್ಲಿಯೇ ಎದುರಾಗುತ್ತದೆ. ಬಹುತೇಕ ರಾಜ್ಯಗಳಲ್ಲಿ ನಾಲ್ಕನೆಯ ತರಗತಿ ಮುಗಿಯುತ್ತಲೇ, ಅಂದರೆ ಮಗುವಿಗೆ ಹತ್ತು ವರ್ಷವಾಗುತ್ತಲೇ, ಅದು ಯಾವ ಬಗೆಯ ಶಾಲೆಗೆ ಹೋಗತಕ್ಕದ್ದೆಂಬುದು ನಿರ್ಧಾರವಾಗುತ್ತದೆ. ಗಿಮ್ನಾಸಿಯಂ ಎಂಬ ಶಾಲೆಗೆ ಹೋದ ಮಕ್ಕಳು ಆಬಿಟೂರ್ ಪರೀಕ್ಷೆ ಮುಗಿಸಿ ವಿಶ್ವವಿದ್ಯಾಲಯ ಸೇರುವುದು ರಾಜಮಾರ್ಗ. ಉಳಿದವರು ಅನಂತರ ಆ ಮಾರ್ಗಕ್ಕೆ ಬರಲು ಅವಕಾಶಗಳಿವೆಯಾದರೂ ದಾರಿ ಸುತ್ತುಬಳಸಿನದು. ಫಲವೇನೆಂದರೆ, ಪದವೀಧರ ತಂದೆತಾಯಿಗಳ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಉಚ್ಚಶಿಕ್ಷಣಕ್ಕೆ ಸೇರಿದರೆ, ಪದವಿಯಿಲ್ಲದ ಮನೆಗಳ ಮಕ್ಕಳಲ್ಲಿ ಸೇರುವವರು ಸುಮಾರು ಕಾಲು ಪಾಲು ಮಾತ್ರ. ಶುಲ್ಕವನ್ನು ತೆಗೆದ ಮಾತ್ರಕ್ಕೆ ಸಮಾನತೆ ತಾನಾಗಿ ಬಂದುಬಿಡುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಒಳಗೆ ಹೋದ ಮೇಲೂ ಅಲ್ಲಿ ಕೈಹಿಡಿದು ನಡೆಸುವವರು ಕಡಿಮೆ. ಮೊದಲ ವರ್ಷಗಳಲ್ಲಿ ನೂರಾರು ಮಂದಿ ಕುಳಿತ ಸಭಾಂಗಣದಲ್ಲಿ ಪಾಠ. ಪ್ರಾಧ್ಯಾಪಕರಿಗೆ ವಿದ್ಯಾರ್ಥಿಯ ಹೆಸರೂ ತಿಳಿದಿರುವುದಿಲ್ಲ. ಯಾವಾಗ ಓದಬೇಕು, ಯಾವ ಪರೀಕ್ಷೆಗೆ ಎಂದು ಕೂರಬೇಕು ಎಂಬುದು ಬಹುಮಟ್ಟಿಗೆ ಅವನ ವಿವೇಕಕ್ಕೇ ಬಿಟ್ಟದ್ದು. ಈ ಸ್ವಾತಂತ್ರ್ಯದಲ್ಲಿ ಅರಳುವವರಿದ್ದಾರೆ. ನಡುವೆಯೇ ಬಿಟ್ಟುಹೋಗುವವರೂ ಗಣನೀಯ ಸಂಖ್ಯೆಯಲ್ಲಿದ್ದಾರೆ. ಅಮೆರಿಕದಲ್ಲಾದರೋ ಸಲಹೆಗಾರರು, ವಾರವಾರದ ಮನೆಪಾಠ, ಆವರಣದಲ್ಲಿಯೇ ವಸತಿ ಎಲ್ಲವೂ ಇರುತ್ತದೆ. ಅದರ ವೆಚ್ಚವೂ ಶುಲ್ಕದಲ್ಲಿ ಸೇರಿರುತ್ತದೆ.

ಕೈಗೆಲಸಕ್ಕೆ ಕೊಟ್ಟ ಗೌರವ

ಜರ್ಮನಿಯಲ್ಲಿ ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆದದ್ದು ವಿಶ್ವವಿದ್ಯಾಲಯದ ಹೊರಗಿನ ಒಂದು ಏರ್ಪಾಡು. ಅಲ್ಲಿ ಸರ್ಕಾರ ಮಾನ್ಯ ಮಾಡಿದ 320ಕ್ಕೂ ಹೆಚ್ಚು ವೃತ್ತಿಗಳಿವೆ. ಬಡಗಿ, ಬೇಕರಿ, ಯಂತ್ರ ದುರಸ್ತಿ, ವಿದ್ಯುತ್ ಕೆಲಸ, ಬ್ಯಾಂಕಿನ ಗುಮಾಸ್ತಿಕೆ ಇವೆಲ್ಲ ಅದರಲ್ಲಿ ಸೇರುತ್ತವೆ. ತರುಣನೊಬ್ಬ ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆಯಲ್ಲಿಯೋ ಅಂಗಡಿಯಲ್ಲಿಯೋ ಕೆಲಸ ಕಲಿಯುತ್ತಾನೆ, ಉಳಿದ ದಿನ ವೃತ್ತಿಶಾಲೆಯಲ್ಲಿ ಪಾಠ ಕೇಳುತ್ತಾನೆ. ಎರಡರಿಂದ ಮೂರೂವರೆ ವರ್ಷದ ಈ ಕಲಿಕೆಯಲ್ಲಿ ಅವನು ಶುಲ್ಕ ಕೊಡುವುದಿಲ್ಲ. ಬದಲಾಗಿ ಅವನಿಗೇ ತಿಂಗಳ ಭತ್ಯೆ ಸಿಗುತ್ತದೆ. ಆ ವೃತ್ತಿಯಲ್ಲಿ ಪಳಗಿ ಮೈಸ್ಟರ್ ಪರೀಕ್ಷೆ ಗೆದ್ದವನ ಅರ್ಹತೆಯನ್ನು ರಾಷ್ಟ್ರೀಯ ಅರ್ಹತಾ ಪಟ್ಟಿಯಲ್ಲಿ ಪದವೀಧರನ ಅರ್ಹತೆಯ ಮಟ್ಟದಲ್ಲಿಯೇ ಇರಿಸಿದ್ದಾರೆ. ಅವನು ವಿಶ್ವವಿದ್ಯಾಲಯಕ್ಕೂ ಸೇರಬಹುದು.

ಮಡಿವಾಳ, ಅಂಬಿಗ, ಸಮಗಾರ, ಹಡಪದ ಇವರೆಲ್ಲ ತಮ್ಮ ಕಾಯಕದ ಹೆಸರಿನಿಂದಲೇ ಪೂಜ್ಯರಾಗಿ ಕುಳಿತ ಅನುಭವ ಮಂಟಪದ ಪರಂಪರೆ ನಮ್ಮದು. ಆ ಪರಂಪರೆಯವರಾದ ನಾವು ಇಂದು ಮಗ ಐ.ಟಿ.ಐ. ಸೇರಿದನೆಂದು ಹೇಳಲು ನಾಚುತ್ತೇವೆ. ನೆಂಟರ ಮದುವೆಯಲ್ಲಿ ಅವನ ಓದಿನ ಮಾತು ಬಂದರೆ ವಿಷಯ ಬದಲಿಸುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಅರಳಿದ ತತ್ತ್ವವನ್ನು ದೂರದ ನಾಡೊಂದು ತನ್ನದೇ ಕಾರಣಗಳಿಗಾಗಿ ಶಾಸನವಾಗಿ ಮಾಡಿಕೊಂಡಿದೆ. ಅದರ ವಾರಸುದಾರರು ಅದನ್ನು ಗೋಡೆಯ ಮೇಲೆ ಬರೆದು ಸುಮ್ಮನಾಗಿದ್ದೇವೆ. ಈ ಮಾತು ಕಟುವೆನಿಸಿದರೆ ಓದುಗರು ಕ್ಷಮಿಸಬೇಕು.

ದಾನಿಗಳ ಅಮೆರಿಕ, ದಾಸೋಹದ ಕನ್ನಡನಾಡು

ಅಮೆರಿಕದಿಂದ ಕಲಿಯಬೇಕಾದದ್ದೂ ಇದೆ. ಅಲ್ಲಿ ಓದಿ ಬೆಳೆದವರು ತಮ್ಮ ವಿದ್ಯಾಸಂಸ್ಥೆಗೆ ಹಿಂದಿರುಗಿ ಕೊಡುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಶಾಶ್ವತ ನಿಧಿ 5,000 ಕೋಟಿ ಡಾಲರಿಗೂ ಮೀರಿ ಬೆಳೆದಿರುವುದು ತಲೆಮಾರುಗಳ ಇಂಥ ದಾನಗಳ ಮೇಲೆ. ಲೀಲಂಡ್ ಸ್ಟ್ಯಾನ್‌ಫರ್ಡ್ ಮತ್ತು ಜೇನ್ ಸ್ಟ್ಯಾನ್‌ಫರ್ಡ್ ದಂಪತಿಗಳು 1884ರಲ್ಲಿ ತಮ್ಮ ಒಬ್ಬನೇ ಮಗನನ್ನು ಹದಿನೈದರ ವಯಸ್ಸಿನಲ್ಲಿ ಕಳೆದುಕೊಂಡರು. ಆ ದುಃಖದಲ್ಲಿ ಅವರು ತಮ್ಮ ಸಂಪತ್ತನ್ನು ಮರುವರ್ಷವೇ ಒಂದು ವಿಶ್ವವಿದ್ಯಾಲಯಕ್ಕೆ ಧಾರೆಯೆರೆದರು. 1891ರಲ್ಲಿ ಬಾಗಿಲು ತೆರೆದ ಸ್ಟ್ಯಾನ್‌ಫರ್ಡ್ ಆ ಮಗನ ಹೆಸರಿನಲ್ಲಿ ನಿಂತಿದೆ.

ಇದನ್ನು ಓದುವಾಗ ನಮ್ಮವರೇ ಆದ ಶಿರಸಂಗಿ ಲಿಂಗರಾಜ ದೇಸಾಯರು ನೆನಪಾಗದಿರುವುದುಂಟೆ? 1906ರಲ್ಲಿ ಲಿಂಗೈಕ್ಯರಾದ ಆ ಮಹಾನುಭಾವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಆ ಹಣದಿಂದ ಓದಿ ಮೇಲೆ ಬಂದವರು ಅನೇಕರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಕೂಡಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ತನ್ನ ಮೊದಲ ಕಾಲೇಜನ್ನು ತೆರೆದಾಗ ಅದಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ನಡೆಸಿದರು. ಜಾತಿ ಮತ ಕೇಳದೆ ಸಾವಿರಾರು ಮಕ್ಕಳನ್ನು ಪೊರೆದ ಆ ಕ್ಷೇತ್ರದಲ್ಲಿ ಇಂದಿಗೂ ಒಲೆ ಆರಿಲ್ಲ. ನಾಡಿನ ಎಷ್ಟೋ ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದವರು ನ್ಯಾಯಾಧೀಶರಾಗಿದ್ದಾರೆ, ವೈದ್ಯರಾಗಿದ್ದಾರೆ, ಕುಲಪತಿಗಳಾಗಿದ್ದಾರೆ.

ಹೀಗೆ ನೋಡಿದರೆ, ಅಮೆರಿಕ ಮತ್ತು ಜರ್ಮನಿಯ ಉತ್ತರಗಳ ಜೊತೆಗೆ ನಮ್ಮಲ್ಲಿ ಮೂರನೆಯದೊಂದು ಉತ್ತರವಿತ್ತು. ಅದು ದಾಸೋಹ. ಸಾಲದಲ್ಲಿ ಕೊಟ್ಟವನು ದೊಡ್ಡವನು, ಪಡೆದವನು ಚಿಕ್ಕವನು. ತೆರಿಗೆಯಲ್ಲಿ ಕೊಟ್ಟವನಿಗೂ ಪಡೆದವನಿಗೂ ಮುಖ ಪರಿಚಯವೇ ಇಲ್ಲ. ದಾಸೋಹದಲ್ಲಾದರೋ ಕೊಡುವವನು ತಾನೇ ದಾಸನೆಂದು ಬಾಗುತ್ತಾನೆ. ಪಡೆದವನು ತನ್ನ ಕಾಯಕದಿಂದ ಮುಂದಿನವನಿಗೆ ಕೊಡುತ್ತಾನೆ. ಆದರೆ ಈ ಹೆಮ್ಮೆಯ ಜೊತೆಗೆ ಒಂದು ಪ್ರಶ್ನೆಯನ್ನೂ ನಾವು ಕೇಳಿಕೊಳ್ಳಬೇಕು. ಹಿಡಿ ಜೋಳದ ಭಿಕ್ಷೆಯಿಂದ ಪ್ರಸಾದನಿಲಯ ಕಟ್ಟಿದ ಸಮಾಜದಲ್ಲಿಯೇ ಇಂದು ವೃತ್ತಿಶಿಕ್ಷಣದ ಸೀಟಿಗೆ ಹೊಲ ಮಾರುವ ತಂದೆತಾಯಿಗಳಿದ್ದಾರೆ. ತಲೆವಂತಿಗೆಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1984ರಲ್ಲಿಯೇ ಬಂದರೂ ಆ ಮಾತು ಜನರ ಬಾಯಿಂದ ಇನ್ನೂ ಮರೆಯಾಗಿಲ್ಲ. ಅಮೆರಿಕದ ಸಾಲದ ಹೊರೆಯನ್ನು ಕಂಡು ಮರುಗುವ ಮೊದಲು ನಮ್ಮ ಅಂಗಳವನ್ನು ನಾವು ಗುಡಿಸಿಕೊಳ್ಳುವುದು ಲೇಸು.

ಮನೆಯವರು ಅರಿಯಬೇಕಾದ ಮಾತು

ಈಗ ಆ ದಂಪತಿಗಳಿಗೆ ನಾವು ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ. ಇಂಥದೇ ಪ್ರಸಂಗ ಎದುರಾದ ಇತರ ಮನೆಗಳಿಗೂ ಅದು ಉಪಯೋಗವಾದೀತು.

ಮೊದಲನೆಯದು, ಅಮೆರಿಕದಲ್ಲಿ ಎರಡು ವರ್ಷದ ಎಂ.ಎಸ್. ಬೇರೆ, ಪಿಎಚ್‌.ಡಿ. ಬೇರೆ. ಎಂ.ಎಸ್. ಓದುವ ವಿದೇಶೀಯರಲ್ಲಿ ಹೆಚ್ಚಿನವರು ಪೂರ್ಣ ಶುಲ್ಕ ಕೊಟ್ಟೇ ಓದಬೇಕು; ಶುಲ್ಕ ಮತ್ತು ಜೀವನ ವೆಚ್ಚ ಸೇರಿ ವರ್ಷಕ್ಕೆ ಮೂವತ್ತು ಲಕ್ಷ ರೂಪಾಯಿಗಳಿಗೆ ಮೇಲ್ಪಡುವುದು ಸಾಮಾನ್ಯ. ಪಿಎಚ್‌.ಡಿ. ವಿದ್ಯಾರ್ಥಿಗಳಿಗಾದರೋ ವಿಜ್ಞಾನ, ಇಂಜಿನಿಯರಿಂಗ್ ವಿಷಯಗಳಲ್ಲಿ ಸಾಮಾನ್ಯವಾಗಿ ಶುಲ್ಕದ ವಿನಾಯಿತಿಯೂ, ಬೋಧನೆ ಅಥವಾ ಸಂಶೋಧನೆಯ ಸಹಾಯಕ್ಕೆ ಪ್ರತಿಯಾಗಿ ಭತ್ಯೆಯೂ ದೊರೆಯುತ್ತವೆ. ಸಂಶೋಧನೆಯಲ್ಲಿ ನಿಜವಾದ ಒಲವುಳ್ಳ ಹುಡುಗನಾದರೆ ಹೊಲವನ್ನು ಒತ್ತೆಯಿಡುವ ಮೊದಲು ಈ ದಾರಿಯನ್ನು ವಿಚಾರಿಸಲೇಬೇಕು.

ಎರಡನೆಯದು, ಜರ್ಮನಿಯಲ್ಲಿ ಶುಲ್ಕವಿಲ್ಲವೆಂದರೆ ಖರ್ಚಿಲ್ಲವೆಂದಲ್ಲ. ವೀಸಾ ಪಡೆಯಲು ಒಂದು ವರ್ಷದ ಜೀವನ ವೆಚ್ಚವೆಂದು ಸುಮಾರು 12,000 ಯೂರೋಗಳನ್ನು, ಅಂದರೆ ಹತ್ತು ಲಕ್ಷ ರೂಪಾಯಿಗಳಿಗೂ ಮಿಕ್ಕಿದ ಹಣವನ್ನು, ಪ್ರತ್ಯೇಕ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅದು ವಿದ್ಯಾರ್ಥಿಯ ಹಣವೇ, ತಿಂಗಳು ತಿಂಗಳು ಅವನಿಗೆ ಸಲ್ಲುತ್ತದೆ. ಎಲ್ಲ ಕಡೆಯೂ ವಿದೇಶೀಯರಿಗೆ ಶುಲ್ಕ ಮಾಫಿ ಎಂದೂ ಅಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯೂರೋಪಿನ ಒಕ್ಕೂಟದ ಹೊರಗಿನವರಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಜಾರಿಗೆ ಬಂತು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024-25ರಿಂದ ಅಂಥವರಿಗೆ ಶುಲ್ಕ ಹಾಕಲು ತೊಡಗಿತು. ಭಾರತೀಯ ಪ್ರಮಾಣಪತ್ರಗಳನ್ನು ಪರಿಶೀಲಿಸುವ ಎ.ಪಿ.ಎಸ್. ದೃಢೀಕರಣವೂ 2022ರ ನವೆಂಬರಿನಿಂದ ಕಡ್ಡಾಯವಾಯಿತು. ಕೇವಲ ಪಿಯುಸಿ ಮುಗಿಸಿದವರಿಗೆ ಅಲ್ಲಿ ನೇರ ಪ್ರವೇಶ ಸಾಮಾನ್ಯವಾಗಿ ದೊರೆಯದು.

ಮೂರನೆಯದು ಭಾಷೆ. ಜರ್ಮನಿಯಲ್ಲಿ ಇಂಗ್ಲಿಷಿನಲ್ಲಿ ನಡೆಯುವ ಸ್ನಾತಕೋತ್ತರ ತರಗತಿಗಳು ಬೇಕಾದಷ್ಟಿವೆ. ಆದರೆ ಕೆಲಸ ಹುಡುಕುವಾಗ, ಮನೆ ಬಾಡಿಗೆ ಹಿಡಿಯುವಾಗ, ನೆರೆಯವರೊಡನೆ ಬಾಳುವಾಗ ಬೇಕಾಗುವುದು ಜರ್ಮನ್ ಭಾಷೆ. ಇಲ್ಲಿಂದ ಹೊರಡುವ ಮೊದಲೇ ಒಂದು ವರ್ಷ ಶ್ರದ್ಧೆಯಿಂದ ಅದನ್ನು ಕಲಿಯಲು ಹುಡುಗ ಸಿದ್ಧನಿದ್ದಾನೆಯೇ ಎಂದು ಕೇಳಿ ನೋಡಬೇಕು. ಸಿದ್ಧನಿಲ್ಲದಿದ್ದರೆ ಶುಲ್ಕವಿಲ್ಲದ ಓದಿನ ಫಲವೂ ಅರ್ಧಕ್ಕೆ ನಿಂತೀತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಓದಿನ ನಂತರ ಅಲ್ಲಿಯೇ ಕೆಲಸ ಸಿಕ್ಕೇ ಸಿಗುತ್ತದೆಂಬ ಲೆಕ್ಕದ ಮೇಲೆ ಸಾಲ ಮಾಡಬಾರದು. ಪರದೇಶದ ವೀಸಾ ನಿಯಮಗಳು ಅಲ್ಲಿನ ಸರ್ಕಾರಗಳೊಡನೆ ಬದಲಾಗುತ್ತವೆ. ಅವು ನಮ್ಮ ಕೈಯಲ್ಲಿಲ್ಲ. ಮಗ ಊರಿಗೇ ಹಿಂದಿರುಗಿ ಇಲ್ಲಿನ ಸಂಬಳದಲ್ಲಿ ದುಡಿದರೂ ತೀರಿಸಬಹುದಾದಷ್ಟು ಸಾಲವನ್ನು ಮಾತ್ರ ಮಾಡಬೇಕು. ಈ ಅಳತೆಗೆ ಮೀರಿದ ಸಾಲ ಯಾವ ದೇಶದ ವಿದ್ಯೆಗಾಗಿ ಮಾಡಿದರೂ ಅದು ಓದಲ್ಲ, ಜೂಜು.

ಇಷ್ಟನ್ನು ಕೇಳಿದ ಮೇಲೆ ತಂದೆ, “ಅಂದ್ರ ಜರ್ಮನಿಗೆ ಹಾಕೂಣಂತೀರೇನು?” ಎಂದರು. ಅದನ್ನು ಹೇಳಬೇಕಾದವರು ನಾವಲ್ಲ, ಹೊಲದ ಲೆಕ್ಕ ಮತ್ತು ಈ ನಾಲ್ಕು ಮಾತು ಎರಡನ್ನೂ ಮಗನ ಮುಂದೆ ಇಟ್ಟು ಅವನಿಂದಲೇ ಹೇಳಿಸಿರಿ ಎಂದೆವು. ಮಗನಿಗೆ ತನ್ನ ಮನೆಯ ಸಾಲ ಸೋಲ ತಿಳಿಸದೆ ಅವನನ್ನು ಓದಿಸುವುದೇ ಪ್ರೀತಿ ಎಂದು ನಮ್ಮ ಹಿರಿಯರು ಭಾವಿಸುವುದುಂಟು. ಅದು ಸರಿಯಲ್ಲ. ಇಪ್ಪತ್ತೆರಡು ವರ್ಷದ ಮಗನಿಗೆ ಪ್ರವೇಶ ಪತ್ರ ಓದಲು ಬರುತ್ತದೆಂದಾದರೆ ಒತ್ತೆ ಪತ್ರವನ್ನು ಓದಲೂ ಬರಬೇಕು.

ಇನ್ನು ತಾಯಿಯ ಪ್ರಶ್ನೆ. ಬ್ಯಾಂಕಿನ ಸಾಲ ಯಾರ ಮೇಲೆ ಎಂಬುದಕ್ಕೆ ಕಾಗದದ ಮೇಲಿನ ಸಹಿ ಉತ್ತರ ಹೇಳುತ್ತದೆ. ಆದರೆ ವಿದ್ಯೆಯ ಋಣ ಆ ಸಾಲ ತೀರಿದ ದಿನ ತೀರುವುದಿಲ್ಲ. ಹೊಲ ಉತ್ತ ತಂದೆಯದು, ರೊಟ್ಟಿ ಬಡಿದು ಕಟ್ಟಿಕೊಟ್ಟ ತಾಯಿಯದು, ಕಲಿಸಿದ ಊರಶಾಲೆಯ ಮಾಸ್ತರರದು, ತೆರಿಗೆ ಕೊಟ್ಟ ಅಪರಿಚಿತರದು, ಉಣಿಸಿದ ಪ್ರಸಾದನಿಲಯದ್ದು ಹೀಗೆ ಅದಕ್ಕೆ ಒಡೆಯರು ಅನೇಕರು. ಇವರೆಲ್ಲರಿಗೆ ಒಬ್ಬೊಬ್ಬರಾಗಿ ಹಿಂದಿರುಗಿಸಲು ಯಾರಿಂದಲೂ ಸಾಧ್ಯವಿಲ್ಲ. ಮುಂದೆ ಬರುವ ಒಂದು ಮಗುವಿನ ಓದಿಗೆ ತಾನು ಹೆಗಲು ಕೊಟ್ಟಾಗ ಮಾತ್ರ ಅದು ಸಲ್ಲುತ್ತದೆ. ಅಮೆರಿಕದಲ್ಲಿ ಓದಲಿ, ಜರ್ಮನಿಯಲ್ಲಿ ಓದಲಿ, ಧಾರವಾಡದಲ್ಲಿಯೇ ಓದಲಿ, ಆ ಮಾತನ್ನು ಮರೆಯದ ಮಗನನ್ನು ಬೆಳೆಸಿದ್ದರೆ ಹೊಲದ ಚಿಂತೆ ಅರ್ಧ ಕಡಿಮೆಯಾಯಿತೆಂದೇ ತಿಳಿಯಿರಿ ಎಂದು ಆ ತಾಯಿಗೆ ಹೇಳಿದೆವು. ಅವರು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಪ್ರಸಾದವನ್ನು ಸರಿಮಾಡಿಕೊಂಡು, “ಅದನ್ನ ಅವಗ ನೀವ ಒಮ್ಮೆ ಹೇಳ್ರಿ” ಎಂದರು. ಮುಂದಿನ ತಿಂಗಳ ಗೋಷ್ಠಿಗೆ ಮಗನನ್ನು ಕರೆತರುವುದಾಗಿ ಮಾತುಕೊಟ್ಟು ಇಬ್ಬರೂ ಹೊರಟರು.

ಓದುಗ ಬಂಧುಗಳ ಮನೆಗಳಲ್ಲಿಯೂ ಇಂಥ ಮಾತುಕತೆ ಮಕ್ಕಳ ಸಮಕ್ಷಮದಲ್ಲಿ ನಡೆಯಲೆಂದು ಹಾರೈಸುತ್ತೇವೆ.